ಸಿಕ್ಕು ಬಿಡಿಸುವ ಲೆಕ್ಕ

ಮನೆಯಲ್ಲಿ ಒಮ್ಮೆ ಒಬ್ಬರಿಗೆ ಗುಣವಾದ ಮಾತ್ರೆಯ ಹೆಸರನ್ನು ನಾವು ಹೆಂಗಸರು ಬೇಗ ಮರೆಯುವುದಿಲ್ಲ. 1996ರಲ್ಲಿ ನನ್ನ ತಮ್ಮನಿಗೆ ಟೈಫಾಯಿಡ್ ಬಂದಾಗ ವೈದ್ಯರು ಬರೆದುಕೊಟ್ಟದ್ದು ಸಿಪ್ರೊಫ್ಲಾಕ್ಸಸಿನ್. ಕೆಲವೇ ದಿನಗಳಲ್ಲಿ ಹುಡುಗ ಎದ್ದು ಕುಳಿತು ಗಂಜಿ ಕೇಳಿದ. ಉಮ್ಮ ಆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ರೇಶನ್ ಕಾರ್ಡಿನ ಜೊತೆ ಕಪಾಟಿನಲ್ಲಿ ವರ್ಷಗಟ್ಟಲೆ ಜೋಪಾನವಾಗಿ ಇಟ್ಟಿದ್ದರು.

2018ರಲ್ಲಿ ನನ್ನ ಮಗಳಿಗೆ ಅದೇ ರೀತಿಯ ಜ್ವರ ಬಂತು. ಆಗ ಅವಳು ಎಂಟನೆಯ ತರಗತಿ. ಅದೇ ನಡುಕ, ಅದೇ ಬಿಳಿ ನಾಲಗೆ. ನನಗೆಲ್ಲ ಗೊತ್ತು ಎಂಬ ಧೈರ್ಯದಲ್ಲಿ ಮೆಡಿಕಲ್ ಅಂಗಡಿಗೆ ಹೋಗಿ ಮಾತ್ರೆಯ ಹೆಸರು ಹೇಳಿದೆ. ಅಂಗಡಿಯವರು ಚೀಟಿ ಕೇಳಲಿಲ್ಲ, ನಾನೂ ಅದರ ಬಗ್ಗೆ ಯೋಚಿಸಲಿಲ್ಲ. ನಾಲ್ಕು ದಿನ ಹೊತ್ತುಹೊತ್ತಿಗೆ ಕೊಟ್ಟೆ. ಐದನೆಯ ದಿನ ಜ್ವರ 104 ಡಿಗ್ರಿ ಏರಿತು, ಮಗು ಮಂಪರಿನಲ್ಲಿ ಏನೇನೋ ಬಡಬಡಿಸತೊಡಗಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಮಾತ್ರೆ ನಿಲ್ಲಿಸಿ, ಬೇರೆ ಇಂಜೆಕ್ಷನ್ ಶುರು ಮಾಡಿದರು. ಉಳಿದ ಕಥೆ ಸುಖವಾಗಿಯೇ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಆ ನಾಲ್ಕು ದಿನ ನನ್ನ ಕೈಯಿಂದ ಆದ ತಪ್ಪು ಎಂಬುದನ್ನು ನಾನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ.

ಬಿಡುಗಡೆಯ ದಿನ ವೈದ್ಯರು ಹೇಳಿದ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. "ಟೀಚರ್, ಆ ಮಾತ್ರೆ ಬ್ಯಾಕ್ಟೀರಿಯಾದ ಸಿಕ್ಕು ಬಿಡಿಸುವ ಕೈಯನ್ನೇ ಹಿಡಿಯುವಂಥದ್ದು. ಈಗಿನ ಬ್ಯಾಕ್ಟೀರಿಯಾದ ಆ ಕೈ ಬದಲಾಗಿಬಿಟ್ಟಿದೆ, ಮಾತ್ರೆಗೆ ಸಿಗುವುದಿಲ್ಲ."

ಬ್ಯಾಕ್ಟೀರಿಯಾಕ್ಕೆ ಎಂಥ ಸಿಕ್ಕು? ಎಂಥ ಕೈ? ನಾನು ಓದಿದ್ದು ಮದ್ರಸದಲ್ಲಿ, ಆಮೇಲೆ ಬಿ.ಎ. ವಿಜ್ಞಾನ ನನ್ನ ಪಾಠವಲ್ಲ. ಎಂ.ಎಸ್ಸಿ. ಓದುತ್ತಿದ್ದ ಅಕ್ಕನ ಮಗಳನ್ನು ಕಾಡಿ ಬೇಡಿ, ಪುಸ್ತಕಗಳನ್ನು ತರಿಸಿಕೊಂಡು, ಅವಳಿಂದ ಓದಿಸಿ ಕೇಳಿ ಅರ್ಥ ಮಾಡಿಕೊಂಡೆ. ಅದನ್ನೇ ಈ ತಿಂಗಳು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲು ಹಿತ್ತಲಿಗೆ ಹೋಗಿ ಎರಡು ಎಳೆಯ ತೆಂಗಿನ ನಾರಿನ ಹಗ್ಗದ ಒಂದು ತುಂಡು ತನ್ನಿ. ಎರಡೂ ತುದಿಗಳನ್ನು ಇಬ್ಬರು ಮಕ್ಕಳು ಬಿಗಿಯಾಗಿ ಹಿಡಿದುಕೊಳ್ಳಲಿ. ಹಗ್ಗದ ನಡುವೆ ಎರಡು ಎಳೆಗಳ ಮಧ್ಯೆ ಒಂದು ಪೆನ್ಸಿಲ್ ತೂರಿಸಿ ಒಂದು ಬದಿಗೆ ದೂಡುತ್ತಾ ಹೋಗಿ. ಪೆನ್ಸಿಲಿನ ಮುಂದೆ ಹುರಿ ಬಿಗಿಯಾಗುತ್ತಾ ಹೋಗುತ್ತದೆ. ಇನ್ನೂ ದೂಡಿದರೆ ಹಗ್ಗವೇ ಮೈಮೇಲೆ ಮೈ ಸುತ್ತಿಕೊಂಡು ಗುಳ್ಳೆ ಗುಳ್ಳೆಯಾಗಿ ಮೇಲೇಳುತ್ತದೆ, ಪೆನ್ಸಿಲ್ ಮುಂದಕ್ಕೆ ಹೋಗುವುದಿಲ್ಲ. ಒಬ್ಬ ಮಗು ತುದಿಯನ್ನು ಬಿಟ್ಟರೆ ಹಗ್ಗ ಗಿರ್ರನೆ ತಿರುಗಿ ಸಡಿಲವಾಗುತ್ತದೆ. ಬಿಡದಿದ್ದರೆ ಸಿಕ್ಕು ಅಲ್ಲೇ ಇರುತ್ತದೆ.

ಪ್ರತಿಯೊಂದು ಜೀವಕೋಶದಲ್ಲಿರುವ ಡಿಎನ್‌ಎ ಇಂಥದೇ ಎರಡು ಎಳೆಯ ಹಗ್ಗ. ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ಮಹಿಳಾ ವಿಜ್ಞಾನಿಯ ಪ್ರಯೋಗಾಲಯದಲ್ಲಿ 1952ರಲ್ಲಿ ತೆಗೆದ ಎಕ್ಸ್‌ರೇ ಚಿತ್ರದ ಆಧಾರ ಸಿಕ್ಕಿದ ಮೇಲೆ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. (1962ರಲ್ಲಿ ನೊಬೆಲ್ ಕೊಡುವಾಗ ಫ್ರಾಂಕ್ಲಿನ್ ಬದುಕಿರಲಿಲ್ಲ. 37ನೆಯ ವಯಸ್ಸಿಗೇ ಅವರು ತೀರಿಕೊಂಡಿದ್ದರು.) ಕೋಶ ಎರಡಾಗುವಾಗ ಈ ಎರಡು ಎಳೆಗಳು ಬೇರೆಯಾಗಬೇಕು, ಒಂದೊಂದಕ್ಕೂ ಹೊಸ ಜೊತೆ ಎಳೆ ತಯಾರಾಗಬೇಕು. ಆದರೆ ಸುತ್ತಿಕೊಂಡಿರುವ ಎಳೆಗಳನ್ನು ಬೇರೆ ಮಾಡುವುದು ಹೇಗೆ? ಈ ಪ್ರಶ್ನೆ ಅಂದೇ ಎದ್ದಿತ್ತು. ಎಲ್ಲೋ ಎಳೆ ಕಡಿದು ಮತ್ತೆ ಕೂಡಲೇಬೇಕು ಎಂದು ಮ್ಯಾಕ್ಸ್ ಡೆಲ್ಬ್ರುಕ್ 1954ರಲ್ಲೇ ಬರೆದರು. ಆಗ ಅದು ಬರೀ ಊಹೆ.

ಬ್ಯಾಕ್ಟೀರಿಯಾದ ಕಷ್ಟ ಇನ್ನೂ ದೊಡ್ಡದು. ಅದರ ಡಿಎನ್‌ಎಗೆ ಸಾಮಾನ್ಯವಾಗಿ ತುದಿಯೇ ಇಲ್ಲ, ಬಳೆಯ ಹಾಗೆ ದುಂಡಗೆ ಕೂಡಿಕೊಂಡಿರುತ್ತದೆ. ಟೈಫಾಯಿಡ್ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿ, ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೋಲಿಯನ್ನು ತೆಗೆದುಕೊಳ್ಳಿ. ಅದರ ಡಿಎನ್‌ಎ ಏಣಿಗೆ ಸುಮಾರು 46 ಲಕ್ಷ ಮೆಟ್ಟಿಲು. ಸುಮಾರು ಹತ್ತೂವರೆ ಮೆಟ್ಟಿಲಿಗೆ ಒಂದು ಸುತ್ತು. ಭಾಗಿಸಿ ನೋಡಿ, 4 ಲಕ್ಷಕ್ಕೂ ಹೆಚ್ಚು ಸುತ್ತುಗಳು. ಇಷ್ಟನ್ನೂ ಅದು ಸುಮಾರು 40 ನಿಮಿಷಗಳಲ್ಲಿ ಬಿಡಿಸಿ ನಕಲು ಮಾಡಿಕೊಳ್ಳುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 180 ಸುತ್ತು! ಬಿಡಿಸಿ ಹಾಸಿದರೆ ಈ ಡಿಎನ್‌ಎ ಒಂದೂವರೆ ಮಿಲಿಮೀಟರ್ ಉದ್ದ, ಅದು ಇರುವ ಕೋಶದ ಉದ್ದ ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗ. ಮಗಳ ಮೊಣಕಾಲುದ್ದದ ಕೂದಲಿಗೆ ಬಾಚಣಿಗೆ ಹಾಕುವಾಗ ನಾವು ಪಡುವ ಪಾಡು ಇದರ ಮುಂದೆ ಏನೂ ಅಲ್ಲ.

ಕಳೆದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು, "ನಾನು ಡಾಕ್ಟರ್ ಆಗುವವಳು ಟೀಚರ್, ಪಿಯುಸಿಯಲ್ಲಿ ಗಣಿತ ಯಾಕೆ?" ಎಂದು ಕೇಳಿದಳು. ಪರೀಕ್ಷೆಯ ಮಟ್ಟಿಗೆ ಅವಳು ಹೇಳಿದ್ದು ಸರಿ. ಆದರೆ ಈ ಸಿಕ್ಕಿನ ಕಥೆಯನ್ನು ಬಿಡಿಸಿದವರಲ್ಲಿ ಅರ್ಧ ಜನ ಗಣಿತದವರು.

ಎಳೆದರೂ ಬಗ್ಗಿಸಿದರೂ ಹಿಂಡಿದರೂ ಬದಲಾಗದೆ, ಕತ್ತರಿಸಿದರೆ ಮಾತ್ರ ಬದಲಾಗುವ ಗುಣಗಳನ್ನು ಅಭ್ಯಸಿಸುವ ಗಣಿತದ ಶಾಖೆಗೆ ಟೊಪಾಲಜಿ ಎನ್ನುತ್ತಾರೆ. ಒಂದರೊಳಗೊಂದು ಕೊಂಡಿ ಹಾಕಿಕೊಂಡ ಎರಡು ಬಳೆಗಳನ್ನು ಹೇಗೆ ತಿರುಗಿಸಿದರೂ ಬೇರೆಯಾಗುವುದಿಲ್ಲ, ಒಂದನ್ನು ಒಡೆಯಲೇಬೇಕು. ಒಂದು ಉಂಗುರ ಇನ್ನೊಂದನ್ನು ಎಷ್ಟು ಸಲ ಸುತ್ತಿದೆ ಎಂದು ಹೇಳುವ ಒಂದು ಸಂಖ್ಯೆಯನ್ನು ಜರ್ಮನಿಯ ಗೌಸ್ 1833ರಲ್ಲೇ ಬರೆದಿಟ್ಟಿದ್ದರು. ಅದನ್ನು ನಾವು ಕೊಂಡಿಸಂಖ್ಯೆ ಎನ್ನೋಣ. ದುಂಡಗಿನ ಡಿಎನ್‌ಎಯ ಎರಡು ಎಳೆಗಳೂ ಇಂಥ ಎರಡು ಉಂಗುರಗಳೇ. ರುಮೇನಿಯಾದ ಕಲುಗರೆನು 1961ರ ಹೊತ್ತಿಗೆ, ಆಮೇಲೆ ಅಮೆರಿಕದ ಜೇಮ್ಸ್ ವೈಟ್ 1969ರಲ್ಲಿ ಮತ್ತು ಬ್ರಾಕ್ ಫುಲ್ಲರ್ 1971ರಲ್ಲಿ ಇದನ್ನು ಮುಂದುವರಿಸಿ ಒಂದು ಸರಳ ಸೂತ್ರಕ್ಕೆ ತಂದರು. ಕೊಂಡಿಸಂಖ್ಯೆ ಎಂದರೆ ಹುರಿ ಮತ್ತು ಸುರುಳಿ ಇವೆರಡರ ಮೊತ್ತ. ಹುರಿ ಎಂದರೆ ಎಳೆಗೆ ಎಳೆ ಸುತ್ತಿಕೊಂಡದ್ದು. ಸುರುಳಿ ಎಂದರೆ ಇಡೀ ಹಗ್ಗವೇ ತನ್ನ ಮೇಲೆ ತಾನು ಸುತ್ತಿಕೊಂಡದ್ದು. ಕಡಿಯದ ಹೊರತು ಮೊತ್ತ ಬದಲಾಗದು. ಒಂದು ಕಡೆ ಹುರಿ ಬಿಚ್ಚಿದರೆ ಇನ್ನೊಂದು ಕಡೆ ಹುರಿಯೋ ಸುರುಳಿಯೋ ಆಗಿ ಅದು ಬಂದೇ ಬರುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುತ್ತಾ ಹೋದಾಗ ಅದು ಥಟ್ಟನೆ ಗಂಟು ಗಂಟಾಗಿ ಸುತ್ತಿಕೊಳ್ಳುತ್ತದಲ್ಲ, ಅಲ್ಲಿ ನಡೆಯುವುದೂ ಇದೇ. ಒಂದು ವೈರಸ್ಸಿನ ದುಂಡಗಿನ ಡಿಎನ್‌ಎ ಹೀಗೆ ಸುರುಳಿಯಾಗಿರುವುದನ್ನು ಜೆರೋಮ್ ವಿನೋಗ್ರಾಡ್ ಮತ್ತು ಸಂಗಡಿಗರು 1965ರಲ್ಲಿ ಕಂಡಿದ್ದರು.

ಇನ್ನು ಆ "ಕೈ"ಯ ವಿಷಯ. ಡಿಎನ್‌ಎಯನ್ನು ಕಡಿದು ಕೂಡಿಸುವ ಮೊದಲ ಕಿಣ್ವವನ್ನು ಜೇಮ್ಸ್ ವಾಂಗ್ 1971ರಲ್ಲಿ ಇ. ಕೋಲಿಯಲ್ಲೇ ಪತ್ತೆ ಮಾಡಿದರು. 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಇನ್ನೊಂದನ್ನು ಕಂಡುಹಿಡಿದರು, ಅದರ ಹೆಸರು ಗೈರೇಸ್. ನನ್ನ ತಮ್ಮನನ್ನು ಉಳಿಸಿದ ಮಾತ್ರೆ ಹಿಡಿಯುತ್ತಿದ್ದುದು ಇದೇ ಗೈರೇಸನ್ನು.

ಗೈರೇಸ್ ಕೆಲಸ ಮಾಡುವುದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಅದು ಒಂದು ಎಳೆಯನ್ನು ಕಡಿಯುತ್ತದೋ, ಎರಡನ್ನೂ ಕಡಿಯುತ್ತದೋ? ಇಲ್ಲಿ ಲೆಕ್ಕವೇ ಸಾಕ್ಷಿ ಹೇಳಿತು. ಒಂದು ಎಳೆಯನ್ನು ಮಾತ್ರ ಕಡಿದು ಇನ್ನೊಂದನ್ನು ಅದರ ಸಂದಿಯಿಂದ ದಾಟಿಸಿದರೆ ಕೊಂಡಿಸಂಖ್ಯೆ ಒಂದರಷ್ಟು ಬದಲಾಗಬೇಕು. ಎರಡೂ ಎಳೆ ಕಡಿದು, ಆ ಬಾಗಿಲಿನಿಂದ ಇಡೀ ಹಗ್ಗದ ಇನ್ನೊಂದು ಭಾಗವನ್ನು ದಾಟಿಸಿದರೆ? ಮೇಲೆ ಹಾದು ಹೋಗುತ್ತಿದ್ದ ಹಗ್ಗ ಕೆಳಗೆ ಹಾದು ಹೋಗುತ್ತದೆ. ಕೂಡು ಒಂದು ಎಂದು ಎಣಿಸಿದ ಅಡ್ಡಹಾಯುವಿಕೆ ಕಳೆ ಒಂದು ಆಗುತ್ತದೆ. ವ್ಯತ್ಯಾಸ ಎರಡು. ಪ್ಯಾಟ್ರಿಕ್ ಬ್ರೌನ್ ಮತ್ತು ನಿಕೊಲಾಸ್ ಕೊಜಾರೆಲ್ಲಿ 1979ರಲ್ಲಿ ಒಂದೇ ಕೊಂಡಿಸಂಖ್ಯೆಯ ಡಿಎನ್‌ಎಯನ್ನು ಬೇರ್ಪಡಿಸಿ ತೆಗೆದು, ಗೈರೇಸಿಗೆ ಕೊಟ್ಟು, ಆಮೇಲೆ ಜೆಲ್ಲಿಯಂಥ ಹಾಸಿನ ಮೇಲೆ ವಿದ್ಯುತ್ ಹಾಯಿಸಿ ಓಡಿಸಿ ನೋಡಿದರು. ಅದರಲ್ಲಿ ಪ್ರತಿ ಸಂಖ್ಯೆಯ ಡಿಎನ್‌ಎಯೂ ಬೇರೆ ಬೇರೆ ಗೆರೆಯಾಗಿ ನಿಲ್ಲುತ್ತದೆ. ಗೆರೆಗಳು ಒಂದೊಂದು ಬಿಟ್ಟು ಒಂದೊಂದು ಬಂದಿದ್ದವು. ಸಂಖ್ಯೆ ಎರಡೆರಡಾಗಿಯೇ ಬದಲಾಗಿತ್ತು! ಗೈರೇಸ್ ಎರಡೂ ಎಳೆ ಕಡಿದು ಬಾಗಿಲು ತೆರೆಯುತ್ತದೆ, ಹಗ್ಗ ದಾಟಿಸುತ್ತದೆ, ಬಾಗಿಲು ಮುಚ್ಚುತ್ತದೆ. ಕಳ್ಳನ ಮುಖ ನೋಡದೆ ಹೆಜ್ಜೆ ಗುರುತಿನಿಂದ ಹಿಡಿದ ಹಾಗಾಯಿತು. ಇದನ್ನು ಅರ್ಥ ಮಾಡಿಕೊಂಡ ದಿನ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಸಿಪ್ರೊಫ್ಲಾಕ್ಸಸಿನ್ ಒಳನುಗ್ಗುವುದು ಬಾಗಿಲು ತೆರೆದಿರುವ ಆ ಕ್ಷಣದಲ್ಲಿ. ಅದು ಕಡಿದ ತುದಿಗಳ ನಡುವೆ ಬೆಣೆಯಂತೆ ಕೂತುಬಿಡುತ್ತದೆ. ಗೈರೇಸ್‌ಗೆ ಬಾಗಿಲು ಮುಚ್ಚಲಾಗುವುದಿಲ್ಲ. ಕಡಿದ ಡಿಎನ್‌ಎ ಕಡಿದಂತೆಯೇ ಉಳಿದು ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಕೋಶಗಳಲ್ಲಿ ಗೈರೇಸ್ ಇಲ್ಲ. ಅದೇ ಕೆಲಸದ ದೂರದ ನೆಂಟ ಕಿಣ್ವವೊಂದು ಇದೆ, ಅದಕ್ಕೆ ಈ ಮಾತ್ರೆ ಅಷ್ಟಾಗಿ ಅಂಟುವುದಿಲ್ಲ. ಆದರೆ ಗೈರೇಸಿನ ಒಂದು ಭಾಗದಲ್ಲಿ ಸರವಾಗಿ ಪೋಣಿಸಿದ ಎಂಟುನೂರಕ್ಕೂ ಹೆಚ್ಚು ಮಣಿಗಳಿವೆ. ಅವುಗಳಲ್ಲಿ 83ನೆಯ ಮಣಿಯೊಂದು ಬದಲಾದರೆ ಸಾಕು, ಬೆಣೆಯ ಹಿಡಿತ ಸಡಿಲವಾಗುತ್ತದೆ. ಇನ್ನೂ ಒಂದೆರಡು ಬದಲಾದರೆ ಮಾತ್ರೆ ತೀರಾ ನಿಷ್ಪ್ರಯೋಜಕ. ದಕ್ಷಿಣ ಏಷ್ಯಾದ ಟೈಫಾಯಿಡ್ ಬ್ಯಾಕ್ಟೀರಿಯಾಗಳಲ್ಲಿ ಈಗ ಹೆಚ್ಚಿನವು ಹೀಗೆ ಬದಲಾದಂಥವು. ನೆಗಡಿಗೂ ಭೇದಿಗೂ ಚೀಟಿಯಿಲ್ಲದೆ ತಿಂದ ಮಾತ್ರೆಗಳು, ಅರ್ಧಕ್ಕೆ ಬಿಟ್ಟ ಕೋರ್ಸುಗಳು ಇಂಥ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಟ್ಟವು. ಅದರಲ್ಲಿ ನನ್ನಂಥವರ ಪಾಲೂ ಇದೆ.

ಇಷ್ಟು ತಿಳಿದ ಮೇಲೆ ನಿಲ್ಲಿಸಬಹುದಿತ್ತು. ಆದರೆ ಅಕ್ಕನ ಮಗಳು "ನಿಜವಾದ ಸೋಜಿಗ ಇನ್ನು ಮುಂದೆ" ಎಂದಳು.

ಎಳೆಗಳ ಸುತ್ತು ಒಂದಾದರೆ ಗಂಟು ಇನ್ನೊಂದು. ದುಂಡಗಿನ ಡಿಎನ್‌ಎಯನ್ನು ಕಡಿದು ಕೂಡಿಸುವ ಕಿಣ್ವಗಳು ಕೆಲವೊಮ್ಮೆ ಅದರಲ್ಲಿ ಗಂಟು ಹಾಕಿಬಿಡುತ್ತವೆ. ಡಿಎನ್‌ಎಯ ದಪ್ಪ ಮಿಲಿಮೀಟರಿನ ಐದು ಲಕ್ಷದಲ್ಲಿ ಒಂದು ಭಾಗ, ಆದ್ದರಿಂದ ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ಕಾಣದು. 1983ರಲ್ಲಿ ಅದರ ಮೈಗೆ ಒಂದು ಪ್ರೊಟೀನನ್ನು ಲೇಪಿಸಿ ದಪ್ಪ ಮಾಡಿ ಗಂಟುಗಳನ್ನು ಸ್ಪಷ್ಟವಾಗಿ ಕಂಡರು. ಹೀಗೆ ಕಂಡ ಗಂಟುಗಳಿಂದ ರಿಸಾಲ್ವೇಸ್ ಎಂಬ ಕಿಣ್ವದ ಗುಟ್ಟು ಹೊರಬಿತ್ತು. ಅದು ಡಿಎನ್‌ಎ ಉಂಗುರದ ಎರಡು ಜಾಗಗಳನ್ನು ಹಿಡಿದು, ಕಡಿದು, ತುದಿಗಳನ್ನು ಅದಲು ಬದಲು ಮಾಡಿ ಕೂಡಿಸುತ್ತದೆ. ಒಮ್ಮೆ ಮಾಡಿದರೆ ಕೊಂಡಿ ಹಾಕಿಕೊಂಡ ಎರಡು ಉಂಗುರಗಳು. ಕೈ ಬಿಡದೆ ಎರಡನೆಯ ಸಲ ಮಾಡಿದರೆ ನಾಲ್ಕು ಅಡ್ಡಹಾಯುವಿಕೆಯ ಒಂದು ಗಂಟು. ಮೂರನೆಯ ಸಲಕ್ಕೆ ಐದು ಅಡ್ಡಹಾಯುವಿಕೆಯಲ್ಲಿ ಹೆಣೆದುಕೊಂಡ ಎರಡು ಉಂಗುರಗಳು. ಹಾಗಾದರೆ ನಾಲ್ಕನೆಯ ಸಲ ಆರು ಅಡ್ಡಹಾಯುವಿಕೆಯ ಇಂಥದೇ ಗಂಟು ಬರಬೇಕು ಎಂದು ಕೊಜಾರೆಲ್ಲಿಯವರ ತಂಡ ಮೊದಲೇ ಲೆಕ್ಕ ಹಾಕಿತು. 1985ರಲ್ಲಿ ಹುಡುಕಿದಾಗ ಅದೇ ಗಂಟು ಸಿಕ್ಕಿತು!

ಬೇರೆ ಯಾವುದಾದರೂ ರೀತಿಯಲ್ಲಿಯೂ ಈ ಸಾಲು ಹುಟ್ಟಬಹುದಲ್ಲ ಎಂಬ ಸಂಶಯಕ್ಕೆ ಉತ್ತರ ಕೊಟ್ಟವರು ಕ್ಲಾಸ್ ಅರ್ನ್ಸ್ಟ್ ಮತ್ತು ಡಿ ವಿಟ್ ಸಮ್ನರ್ಸ್ ಎಂಬ ಗಣಿತಜ್ಞರು. ಜಾನ್ ಕಾನ್ವೇ 1970ರಲ್ಲಿ ಸಿಕ್ಕುಗಳನ್ನು ಸಂಖ್ಯೆಗಳಂತೆ ಕೂಡಿಸುವ ಒಂದು ವಿಧಾನವನ್ನು ಕೊಟ್ಟಿದ್ದರು. ಇವರಿಬ್ಬರು ಕಿಣ್ವದ ಒಳಗೆ ಅಡಗಿರುವ ಎಳೆಗಳ ಸಿಕ್ಕನ್ನು ಬೀಜಗಣಿತದ ಎಕ್ಸ್ ಎಂದಿಟ್ಟುಕೊಂಡರು, ಹೊರಬಂದ ಗಂಟುಗಳನ್ನು ಉತ್ತರವೆಂದು ಬರೆದರು, ಸಮೀಕರಣವನ್ನು ಬಿಡಿಸಿದರು. 1990ರಲ್ಲಿ ಪ್ರಕಟವಾದ ಅವರ ಪ್ರಮೇಯದ ಪ್ರಕಾರ ಈ ಮಾದರಿಯೊಳಗೆ ಪರಿಹಾರ ಒಂದೇ ಒಂದು. ಮದ್ರಸದಲ್ಲಿ ಫರಾಯಿಝ್ ಎಂಬ ವಾರಸು ಹಂಚಿಕೆಯ ಲೆಕ್ಕ ಕಲಿಯುವಾಗ ಉಸ್ತಾದರು ನಮ್ಮಿಂದ ಇಂಥ ಅಜ್ಞಾತ ಪಾಲುಗಳನ್ನು ಹುಡುಕಿಸುತ್ತಿದ್ದರು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತದ ಪುಸ್ತಕದಲ್ಲೂ ದೊಡ್ಡ ಭಾಗ ವಾರಸಿನ ಲೆಕ್ಕಗಳೇ. ಕಂಪ್ಯೂಟರಿನವರು ದಿನವೂ ಹೇಳುವ ಅಲ್ಗಾರಿದಮ್ ಎಂಬ ಪದ ಹುಟ್ಟಿದ್ದು ಅವರ ಹೆಸರಿನಿಂದ.

ಕಂಪ್ಯೂಟರ್ ಇಲ್ಲಿಗೆ ಬಂದದ್ದು ಬೇರೊಂದು ಪ್ರಶ್ನೆಯ ಹಿಂದೆ. ಚೀಲದಲ್ಲಿ ಹಾಕಿದ ನೂಲು ಯಾರೂ ಮುಟ್ಟದಿದ್ದರೂ ಗಂಟಾಗುತ್ತದೆ. ಡಿಎನ್‌ಎ ತನ್ನಷ್ಟಕ್ಕೆ ಗಂಟಾಗುವ ಸಾಧ್ಯತೆ ಎಷ್ಟು? ಕಾಗದದ ಮೇಲೆ ಇದನ್ನು ಬಿಡಿಸಲಾಗುವುದಿಲ್ಲ. ಮಾಸ್ಕೋದ ಫ್ರಾಂಕ್ ಕಮೆನೆಟ್‌ಸ್ಕಿ, ವೊಲೊಗೊಡ್‌ಸ್ಕಿ ಮತ್ತಿತರರು 1970ರ ದಶಕದಲ್ಲಿ ಕಂಪ್ಯೂಟರಿನೊಳಗೆ ಮುಚ್ಚಿದ ಸರಪಳಿಗಳನ್ನು ಯಾದೃಚ್ಛಿಕವಾಗಿ ಸಾವಿರಾರು ಸಲ ಎಸೆದು, ಒಂದೊಂದೂ ಗಂಟೋ ಅಲ್ಲವೋ ಎಂದು ಅಲೆಕ್ಸಾಂಡರ್ ಎಂಬ ಗಣಿತಜ್ಞ 1928ರಲ್ಲಿ ಕೊಟ್ಟ ಸೂತ್ರದಿಂದ ಪರೀಕ್ಷಿಸಿ ಎಣಿಸಿದರು. 1993ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ನಿಜವಾದ ಡಿಎನ್‌ಎಯಲ್ಲಿ ಗಂಟುಗಳನ್ನು ಎಣಿಸಿ ಇಂಥ ಲೆಕ್ಕದೊಂದಿಗೆ ಹೋಲಿಸಿದವು, ಎರಡೂ ತಾಳೆಯಾದವು.

ಈ ದಾರಿಯಲ್ಲಿ ಮುಂದೆ ನಡೆದವರಲ್ಲಿ ಮೆಕ್ಸಿಕೋದಿಂದ ಬಂದ ಮರಿಯೆಲ್ ವಾಸ್ಕೆಸ್ ಎಂಬ ಮಹಿಳಾ ಗಣಿತಜ್ಞೆಯ ಹೆಸರು ನೀವು ನೆನಪಿಡಬೇಕು. ಬ್ಯಾಕ್ಟೀರಿಯಾಗಳನ್ನೇ ಕಾಡುವ ಪಿ4 ಎಂಬ ಪುಟ್ಟ ವೈರಸ್ ತನ್ನ ಡಿಎನ್‌ಎಯನ್ನು ಅತಿ ಕಿರಿದಾದ ಗೂಡಿನಲ್ಲಿ ತುರುಕಿಡುತ್ತದೆ. ಹೊರಗೆ ನೀರಿನಲ್ಲಿ ಬಿಟ್ಟರೆ ಆ ಡಿಎನ್‌ಎ ನೂರರಲ್ಲಿ ಮೂರರಷ್ಟು ಮಾತ್ರ ಗಂಟಾಗುತ್ತದೆ, ಬಾಲವಿಲ್ಲದ ವೈರಸ್ಸುಗಳ ಗೂಡಿನಲ್ಲಿ ನೂರಕ್ಕೆ 95! ಹವಿಯೆರ್ ಅರ್ಸುವಾಗಾ, ವಾಸ್ಕೆಸ್ ಮತ್ತು ಸಂಗಡಿಗರು ಇದನ್ನು 2002ರಲ್ಲಿ ಪ್ರಕಟಿಸಿದರು. 2005ರಲ್ಲಿ ಯಾವ ಗಂಟುಗಳು ಹೆಚ್ಚು, ಯಾವುವು ಕಡಿಮೆ ಎಂಬುದನ್ನು ಕಂಪ್ಯೂಟರಿನ ಲೆಕ್ಕದೊಂದಿಗೆ ಹೋಲಿಸಿ, ಗೂಡಿನೊಳಗೆ ಡಿಎನ್‌ಎ ಮನಬಂದಂತೆ ತುಂಬಿಕೊಂಡಿಲ್ಲ, ಒಂದೇ ದಿಕ್ಕಿನ ಒಲವಿನಲ್ಲಿ ಸುತ್ತಿಕೊಂಡಿದೆ ಎಂದು ತೋರಿಸಿದರು. ಯಾರೂ ಒಳಗೆ ಇಣುಕಿರಲಿಲ್ಲ. ಹೊರಬಂದ ಗಂಟನ್ನು ನೋಡಿ ಒಳಗಿನ ಸುತ್ತನ್ನು ಹೇಳಿದರು.

ಮತ್ತೊಂದು ಕೆಲಸ ನಮ್ಮ ಮಾತ್ರೆಯ ವಿಷಯಕ್ಕೆ ಇನ್ನೂ ಹತ್ತಿರ. ನಕಲು ಮುಗಿದಾಗ ಬ್ಯಾಕ್ಟೀರಿಯಾದ ಎರಡು ಡಿಎನ್‌ಎ ಬಳೆಗಳು ಕೊಂಡಿ ಹಾಕಿಕೊಂಡಿರುತ್ತವೆ. ಅವನ್ನು ಬೇರೆ ಮಾಡುವುದು ಗೈರೇಸಿನ ತಮ್ಮನಂಥ ಇನ್ನೊಂದು ಕಿಣ್ವ, ಸಿಪ್ರೊಫ್ಲಾಕ್ಸಸಿನ್ ಅದನ್ನೂ ಹಿಡಿಯುತ್ತದೆ. ಆದರೆ ಪ್ರಯೋಗಾಲಯದಲ್ಲಿ ಅದನ್ನು ತಡೆದಾಗಲೂ ಬ್ಯಾಕ್ಟೀರಿಯಾದ ಬೇರೆ ಕೆಲವು ಪ್ರೊಟೀನುಗಳು ಸೇರಿ ಕೊಂಡಿ ಬಿಡಿಸಬಲ್ಲವು ಎಂದು ಕಂಡುಬಂತು. ಅದು ಹೇಗೆ? ವಾಸ್ಕೆಸ್, ಜಪಾನಿನ ಶಿಮೊಕಾವಾ, ಇಂಗ್ಲೆಂಡಿನ ಶೆರಟ್ ಮತ್ತಿತರರು 2013ರಲ್ಲಿ ಗಣಿತದಿಂದ ಒಂದು ದಾರಿ ತೋರಿಸಿದರು. ಪ್ರತಿ ಹೆಜ್ಜೆಯಲ್ಲೂ ಸಿಕ್ಕು ಕಡಿಮೆಯಾಗಲೇಬೇಕು ಎಂದಿಟ್ಟುಕೊಂಡರೆ ಆರು ಅಡ್ಡಹಾಯುವಿಕೆ ಐದಾಗಿ, ಐದು ನಾಲ್ಕಾಗಿ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯುವುದು. 2017ರಲ್ಲಿ ಆ ಷರತ್ತನ್ನು ಸಡಿಲಿಸಿ, ಸಾಧ್ಯವಿರುವ ಬೇರೆ ದಾರಿಗಳನ್ನೂ ಕಂಪ್ಯೂಟರಿನಲ್ಲಿ ನಡೆಸಿ ನೋಡಿದರು. ಆಗಲೂ ಹೆಚ್ಚು ಸಾಧ್ಯತೆ ಈ ಮೆಟ್ಟಿಲಿನ ದಾರಿಗೇ. ಕೂದಲಿನ ಸಿಕ್ಕನ್ನು ತಾಳ್ಮೆಯಿಂದ ಒಂದೊಂದಾಗಿ ಬಿಡಿಸುವ ಅಜ್ಜಿಯರು ಇದನ್ನು ಕೇಳಿದರೆ "ಇದಕ್ಕೆ ಕಂಪ್ಯೂಟರ್ ಬೇಕಿತ್ತಾ?" ಎಂದಾರು.

ನಮ್ಮ ಕೋಶಗಳ ಸಿಕ್ಕು ಬಿಡಿಸುವ ಕೈಯನ್ನು ಬೇಕೆಂದೇ ಹಿಡಿಯುವ ಔಷಧಗಳೂ ಇವೆ. ಅವು ಕ್ಯಾನ್ಸರಿನವು. ಎಟೊಪೊಸೈಡ್, ಇರಿನೊಟೆಕಾನ್ ಎಂಬ ಹೆಸರುಗಳನ್ನು ಆಸ್ಪತ್ರೆಯ ಚೀಟಿಯಲ್ಲಿ ಕೆಲವರಾದರೂ ಕಂಡಿರಬಹುದು. ಕ್ಯಾನ್ಸರ್ ಕೋಶಗಳು ಬೇಗ ಬೇಗ ಎರಡಾಗುತ್ತವೆ, ಆದ್ದರಿಂದ ಪೆಟ್ಟು ಅವಕ್ಕೆ ಹೆಚ್ಚು. ಕೂದಲಿನ ಬುಡದ ಕೋಶಗಳೂ ಬೇಗ ಎರಡಾಗುವಂಥವು, ಕೂದಲು ಉದುರುವುದು ಅದಕ್ಕೇ. ಇರಿನೊಟೆಕಾನಿನ ಮೂಲವಸ್ತುವನ್ನು ಚೀನಾದ ಒಂದು ಮರದಿಂದ 1966ರಲ್ಲಿ ತೆಗೆದವರಲ್ಲಿ ಒಬ್ಬರು ನಮ್ಮ ದೇಶದಲ್ಲಿ ಹುಟ್ಟಿದ ಮನ್ಸುಖ್ ವಾನಿ. ಅದೇ ವಸ್ತು ನಮ್ಮ ಪಶ್ಚಿಮ ಘಟ್ಟದ ಒಂದು ಕೆಟ್ಟ ವಾಸನೆಯ ಮರದಲ್ಲೂ ಇದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಬರೆದರು. ಆಮೇಲೆ ಆ ಮರಕ್ಕೆ ಕೊಡಲಿಯ ಕಾಟ ಶುರುವಾಯಿತು. ಕ್ಷಯರೋಗದ ಬ್ಯಾಕ್ಟೀರಿಯಾಕ್ಕೂ ಗೈರೇಸ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಇದನ್ನೇ.

ಮೊನ್ನೆ ಮಗಳು ಹಗ್ಗದ ತುಂಡನ್ನು ದುಂಡಗೆ ಕಟ್ಟಿ, ನೆಲದ ಮೇಲೆ ಹರಡಿ, ಮೇಲೆ ಹಾದದ್ದೆಷ್ಟು ಕೆಳಗೆ ಹಾದದ್ದೆಷ್ಟು ಎಂದು ಬೆರಳಿಟ್ಟು ಎಣಿಸುತ್ತಿದ್ದಳು. ಅದು ಬಟ್ಟೆ ಒಣಗಿಸುವ ಹಗ್ಗದಿಂದ ಕತ್ತರಿಸಿದ ತುಂಡು ಎಂದು ಅತ್ತೆಗೆ ಗೊತ್ತಾದದ್ದು ಸಂಜೆ, ಒದ್ದೆ ಬಟ್ಟೆಯ ಬಕೆಟ್ ಹಿಡಿದು ಅಂಗಳಕ್ಕೆ ಇಳಿದಾಗ.